ತೊಳೆಯದ ಗುದ್ದಲಿ

ಫಿಲಿಮೋನಿ ನಮ್ಮ ಕಪಂಡಾ ಊರಿನಲ್ಲಿ ಗುಂಡಿ ತೋಡುವವರ ಮೇಸ್ತ್ರಿ. ಈ ಕಥೆ ನಡೆಯುವ ಹೊತ್ತಿಗೆ ಇಪ್ಪತ್ತಾರು ವರ್ಷದಲ್ಲಿ ಅವನೂ ಅವನ ಜೊತೆಯ ಐದು ಮಂದಿಯೂ ಸೇರಿ ಇನ್ನೂರಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿದ್ದರು. ಅಷ್ಟೂ ಗುಂಡಿಗಳಿಂದ ಒಂದು ಚಿಟಿಕೆ ಮಣ್ಣು ಕೂಡ ತನ್ನ ಕಾಲಿಗಂಟಿ ಊರೊಳಗೆ ಬಂದಿಲ್ಲವೆಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹೇಳಿಕೊಳ್ಳಲಿ ಬಿಡಿ. ಮನೆ ಅಳಿಯನಾಗಿ ಬಂದವನಿಗೆ ಹೇಳಿಕೊಳ್ಳುವುದಕ್ಕೆ ಇನ್ನೇನಿರುತ್ತದೆ?

ಈ ದೆಡ್ಜಾ ಸೀಮೆಯಲ್ಲಿ ಗಂಡಸರೆಲ್ಲ ಮನೆ ಅಳಿಯಂದಿರೇ. ಹೊಲ ಹೆಂಡತಿಯದು, ಮನೆ ಹೆಂಡತಿಯದು, ಹುಟ್ಟಿದ ಮಕ್ಕಳು ಹೆಂಡತಿಯ ಕುಲಕ್ಕೆ. ಗಂಡ ಬರುವಾಗ ಒಂದು ಚಾಪೆ, ಒಂದು ಗುದ್ದಲಿ ತರುತ್ತಾನೆ. ಹೆಂಡತಿಯ ಸೋದರಮಾವನಿಗೆ ಅವನು ಬೇಡವಾದ ದಿನ ಅದೇ ಚಾಪೆ, ಅದೇ ಗುದ್ದಲಿ ಅಂಗಳಕ್ಕೆ ಬೀಳುತ್ತವೆ. ಸತ್ತಾಗಲೂ ಅಷ್ಟೆ, ಹೆಣವನ್ನು ಅವನ ತಾಯಿಯ ಊರಿಗೆ ಸಾಗಿಸುತ್ತಾರೆ. ಫಿಲಿಮೋನಿಯ ತಾಯಿಯ ಊರು ಸಲಿಮಾ ಕಡೆ, ದೊಡ್ಡ ಸರೋವರದ ದಂಡೆಯಲ್ಲಿ. ಹೊಗೆಸೊಪ್ಪಿನ ಎಸ್ಟೇಟಿನಲ್ಲಿ ಕೂಲಿ ಮಾಡುವಾಗ ಲೊನೆಸಿ ಎಂಬವಳನ್ನು ಕಂಡು, ಅವಳ ಕೈಹಿಡಿದು, ಅವಳ ಹಿಂದೆಯೇ ಬೆಟ್ಟ ಹತ್ತಿ ಬಂದವನು ಅವನು. ಮೂವತ್ತು ವರ್ಷವಾದರೂ ಊರವರ ಬಾಯಲ್ಲಿ ಅವನು ‘ಮೀನಿನವನು’ ಆಗಿಯೇ ಉಳಿದ. ತಾಯಿಯ ಊರಿನಲ್ಲೋ, ಅವನ ಮುಖ ಕಂಡರೆ ಗುರುತು ಹಿಡಿಯುವವರೇ ಈಗ ಇಲ್ಲ. ಚಾಪೆ ಅಂಗಳಕ್ಕೆ ಬಿದ್ದರೆ ಅವನು ಹೋಗುವುದಕ್ಕೆ ಭೂಮಿಯ ಮೇಲೆ ಒಂದು ಬಾಗಿಲಿಲ್ಲ.

ಮಸಣದ ವಿಷಯಕ್ಕೆ ಬರೋಣ. ಊರ ಹಿಂದಿನ ದೊಂಗ್ವೆ ಗುಡ್ಡದ ಮೇಲೆ ನಿಂತು ನೋಡಿದರೆ ಕೆಂಪು ನೆಲ, ಮುಸುಕಿನ ಜೋಳದ ಹೊಲ, ಇಟ್ಟಿಗೆಗೂಡು, ತಗಡಿನ ಸೂರು. ಅಲ್ಲಲ್ಲಿ ಒಂದೊಂದು ಕಡು ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಊರಿನ ಮಸಣ. ಬದುಕಿರುವವರು ತಮ್ಮ ಪಾಲಿನ ಮರಗಳನ್ನೆಲ್ಲ ಕಡಿದು ಮುಗಿಸಿಯಾಗಿದೆ, ಸತ್ತವರ ಪಾಲಿನದು ಮಾತ್ರ ಉಳಿದಿದೆ. ಅಲ್ಲಿ ಕೊಡಲಿ ಎತ್ತುವಂತಿಲ್ಲ, ಉದುರಿದ ಕಡ್ಡಿ ಆಯುವಂತಿಲ್ಲ, ಬಿದ್ದ ಹಣ್ಣು ತಿನ್ನುವಂತಿಲ್ಲ. ಸೌದೆಗೆಂದು ನಮ್ಮ ಹೆಂಗಸರು ಎರಡು ಗಂಟೆ ನಡೆಯುತ್ತಾರೆ, ಆದರೆ ಮಸಣದ ಪುರಲೆ ಮುಟ್ಟುವುದಿಲ್ಲ. ಮಣ್ಣಂತೂ ಕೇಳಲೇಬೇಡಿ. ಮಸಣದ ಮಣ್ಣನ್ನು ಊರಿಗೆ ತರುವವನು ಮಾಟಗಾರ, ಬೇರೆ ಅರ್ಥವೇ ಇಲ್ಲ. ಅದಕ್ಕೇ ಮಸಣದ ಬಾಯಲ್ಲಿ ನೀರಿನ ಡ್ರಮ್ಮೊಂದು ಇರುತ್ತದೆ. ಹೊರಬರುವವರೆಲ್ಲ ಅಲ್ಲಿ ಕೈಕಾಲು ತೊಳೆದು, ಗುದ್ದಲಿ ತೊಳೆದು, ಆಮೇಲೆ ಊರ ದಾರಿ ಹಿಡಿಯಬೇಕು.

ಆ ಮಸಣದಲ್ಲಿ ಹೆಚ್ಚಿನವು ಮಾಸುಕು ಮರಗಳು. ಒರಟು ಎಲೆ, ಕಂದು ಸಿಪ್ಪೆಯ ಹಣ್ಣು, ಒಳಗೆ ಬೆಲ್ಲದ ಪಾಕದಂಥ ತಿರುಳು. ಒಂದು ಕಾಲಕ್ಕೆ ದೊಂಗ್ವೆ ಗುಡ್ಡದ ತುಂಬ ಮಾಸುಕು ಇತ್ತು. ಎಸ್ಟೇಟಿನ ಹೊಗೆಸೊಪ್ಪು ಒಣಗಿಸುವುದಕ್ಕೆ ಅರ್ಧ ಹೋಯಿತು, ಇದ್ದಿಲಿಗೆ ಇನ್ನರ್ಧ ಹೋಯಿತು. ಕಟ್ಟಕಡೆಯ ಇದ್ದಿಲುಗೂಡು ಸುಟ್ಟವನು ಬೇರೆ ಯಾರೂ ಅಲ್ಲ, ಇದೇ ಫಿಲಿಮೋನಿ. ಆ ದುಡ್ಡಿನಲ್ಲಿ ಲೊನೆಸಿಯ ಮನೆಗೆ ತಗಡು ಹೊದಿಸಿದ. ಗೂಡು ಉರಿದ ಜಾಗ ಇಂದಿಗೂ ಗುಡ್ಡದ ನೆತ್ತಿಯಲ್ಲಿ ಕಪ್ಪಗೆ, ದುಂಡಗೆ ಇದೆ. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಅವನು ಗುಡ್ಡ ಹತ್ತಿದಾಗಲೆಲ್ಲ ಆ ಜಾಗವನ್ನು ತುಳಿಯದೆ ಸುತ್ತು ಬಳಸಿಕೊಂಡು ಹೋಗುತ್ತಿದ್ದ.

ಲೊನೆಸಿಗೆ ಒಬ್ಬಳು ಅಜ್ಜಿ, ತಾಯಿಯ ತಾಯಿ, ಎಲೂಬೆ. ಅಜ್ಜಿಗೂ ಮೊಮ್ಮಗಳ ಗಂಡನಿಗೂ ನಮ್ಮಲ್ಲಿ ತಮಾಷೆಯ ಸಂಬಂಧ. ಅವಳು ಅವನನ್ನು ‘ನನ್ನ ಗಂಡ’ ಎಂದೇ ಕರೆಯುವುದು, ಮುದ್ದೆ ತಟ್ಟೆ ಮುಂದಿಟ್ಟುಕೊಂಡು ‘ಇವಳ ಕೈ ಅಡುಗೆ ಚೆನ್ನಾ, ನನ್ನದು ಚೆನ್ನಾ’ ಎಂದು ಕಾಡುವುದು. ಒಂದು ವರ್ಷ ಲೊನೆಸಿ ಗಡಿಯಾಚೆಯಿಂದ ಲಾರಿಯಲ್ಲಿ ಬಂದ ಮಾಸುಕು ಹಣ್ಣನ್ನು ಸಂತೆಯಿಂದ ತಂದಳು. ಅಜ್ಜಿ ಹಣ್ಣು ಚೀಪಿ, ಬೀಜಗಳನ್ನು ಫಿಲಿಮೋನಿಯ ಅಂಗೈಗೆ ಉಗಿದಳು.

“ನನ್ನ ಗಂಡ, ಇದನ್ನ ಎಲ್ಲಿಂದ ತೆಗೆದೆಯೋ ಅಲ್ಲೇ ಇಡು.”

ಎಲ್ಲರೂ ನಕ್ಕರು. ಫಿಲಿಮೋನಿಗೆ ನಗು ಬರಲಿಲ್ಲ. ಇದ್ದಿಲಿನ ಮಾತನ್ನು ಅಷ್ಟು ವರ್ಷ ಯಾರೂ ಅವನ ಮುಖದ ಮೇಲೆ ಎತ್ತಿರಲಿಲ್ಲ.

ಮಾರನೆಯ ದಿನ ಅವನು ಹೆಂಡದಂಗಡಿಯ ಹಿಂದೆ ಬಿದ್ದಿದ್ದ ಹುಳಿಬೀರಿನ ರಟ್ಟಿನ ಡಬ್ಬಿಗಳನ್ನು ಆಯ್ದು ತಂದ. ಮಣ್ಣು ತುಂಬಿದ, ಬೀಜ ಊರಿದ, ಹಿತ್ತಲ ಗೋಡೆಯ ಬದಿಗೆ ಸಾಲಾಗಿಟ್ಟು ನೀರು ಹಾಕಿದ. ಸಸಿ ಬಂದವು. ಗೇಣುದ್ದ ಆದವು. ಆಮೇಲೆ ಹಳದಿ ತಿರುಗಿ ಒಂದೊಂದಾಗಿ ಸತ್ತವು. ಮುಂದಿನ ವರ್ಷವೂ ಅದೇ ಪಾಡು, ಅದರ ಮುಂದಿನ ವರ್ಷವೂ ಅದೇ. ಆಡಿನ ಗೊಬ್ಬರ ಹಾಕಿದ, ಬೂದಿ ಹಾಕಿದ, ಅಂಗಡಿ ಗೊಬ್ಬರ ಹಾಕಿದ, ನೆರಳು ಕಟ್ಟಿದ, ನೆರಳು ಕಿತ್ತ. ಏನು ಮಾಡಿದರೂ ಗೇಣಿನ ಮೇಲೆ ಏಳಲೊಲ್ಲವು. ಊರಿನವರಿಗೆ ಬಾಯಿ ತುಂಬ ಮಾತು ಸಿಕ್ಕಿತು. ಮೀನಿನವನು ಮಣ್ಣೊಳಗೆ ಇಟ್ಟದ್ದು ಯಾವುದಾದರೂ ಎದ್ದು ಬಂದಿದೆಯೇನ್ರಪ್ಪಾ ಎಂದು ಹೆಂಡದಂಗಡಿಯಲ್ಲಿ ನಗುವುದೇ ಆಯಿತು. ಐದನೆಯ ವರ್ಷ ಒಂದೇ ಒಂದು ಸಸಿ ಮೊಣಕಾಲೆತ್ತರ ಬಂದು, ಮಳೆಗೆ ಎರಡು ವಾರ ಇರುವಾಗ ಒಣಗಿತು. ಅವತ್ತು ಅವನು ಹಿತ್ತಲಲ್ಲಿ ಕೂತು ಅತ್ತ. ಲೊನೆಸಿ ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಆರನೆಯ ವರ್ಷವೂ ಅವನು ಬಿಡದೆ ಬೀಜ ಊರಿದ. ಆ ವರ್ಷದ ಮಳೆಗಾಲ. ಒಂದೇ ವಾರದಲ್ಲಿ ಊರಿನಲ್ಲಿ ಮೂರು ಸಾವು. ಮೂರನೆಯವನು ಮಟೆಯು, ಎಲೂಬೆ ಅಜ್ಜಿಯ ಕಿರಿಯ ಮಗ. ಫಿಲಿಮೋನಿಗೆ ಆಗಲೇ ಚಳಿಜ್ವರ ಹಿಡಿದಿತ್ತು. ಆದರೂ ಹೆಂಡತಿಯ ಸೋದರಮಾವನ ಗುಂಡಿಯನ್ನು ಬೇರೆಯವರಿಗೆ ಬಿಡುವುದುಂಟೆ? ನಡುಗುತ್ತಲೇ ತೋಡಿದ, ನಡುಗುತ್ತಲೇ ಮುಚ್ಚಿದ. ಹೊರಗೆ ಬಂದರೆ ಗಾಳಿಗೆ ಡ್ರಮ್ಮು ಉರುಳಿ ಬಿದ್ದಿತ್ತು. ಹಳ್ಳದಿಂದ ನೀರು ತರೋಣವೆಂದರೆ ಹಳ್ಳ ತುಂಬಿ ಹರಿಯುತ್ತಿತ್ತು. ಮಳೆಯೇ ತೊಳೆಯುತ್ತಿದೆಯಲ್ಲ, ನಡಿ ಎಂದರು ಜೊತೆಯವರು. ಕಾಲೇನೋ ಮಳೆಗೆ ತೊಳೆಯಿತು. ಹೆಗಲ ಮೇಲಿನ ಗುದ್ದಲಿಯಲ್ಲಿ ಮುಷ್ಟಿಗಟ್ಟಲೆ ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಹಿತ್ತಲ ಗೋಡೆಗೆ ಒರಗಿಸಿ ಅವನು ಚಾಪೆಗೆ ಬಿದ್ದ, ಒಂಬತ್ತು ದಿನ ಏಳಲಿಲ್ಲ.

ಎದ್ದು ಹಿತ್ತಲಿಗೆ ಬಂದವನು ಮೊದಲು ಕಂಡದ್ದು ಗುದ್ದಲಿ. ಒಂಬತ್ತು ದಿನ ಸೂರಿನ ನೀರು ಬಿದ್ದು ಅದು ಹೊಸದರ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ ಸಸಿಯ ಡಬ್ಬಿಗಳಿದ್ದವು. ಮಟೆಯುವಿನ ಗುಂಡಿಯ ಮಣ್ಣು ಎಲ್ಲಿಗೆ ಹೋಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಡಬ್ಬಿಗಳನ್ನು ಆಗಲೇ ಮಸಣಕ್ಕೆ ಒಯ್ದು ಸುರಿದು ಬರಬೇಕಿತ್ತು. ಒಯ್ಯುವುದನ್ನು ಯಾರಾದರೂ ಕಂಡರೆ ಏನು ಹೇಳುವುದೆಂದು ಹೆದರಿ, ನಾಳೆ ನಾಳೆ ಎನ್ನುತ್ತ ಸುಮ್ಮನಾದ.

ಮಳೆ ಮುಗಿಯುವ ಹೊತ್ತಿಗೆ ಐವತ್ತೊಂದು ಸಸಿಗಳಲ್ಲಿ ನಲವತ್ತು ಹಳದಿಯಾದವು. ಗುದ್ದಲಿಯ ಕೆಳಗಿದ್ದ ಹನ್ನೊಂದು ಮಾತ್ರ ಹಚ್ಚಗೆ ನಿಂತವು. ವಾರಕ್ಕೊಂದು ಹೊಸ ಎಲೆ. ಫಿಲಿಮೋನಿ ತಾಳಲಾರದೆ, ಹೋದರೆ ಒಂದು ಹೋಗಲಿ ಎಂದು, ಒಂದು ಡಬ್ಬಿ ಸೀಳಿ ಬೇರು ನೋಡಿದ. ಬೇರಿನ ಸುತ್ತ ಕೂದಲಿಗಿಂತ ತೆಳ್ಳಗಿನ ಬಿಳಿ ಎಳೆಗಳು ಹೆಣೆದುಕೊಂಡಿದ್ದವು. ಮೂಸಿದ. ಅಣಬೆಯ ವಾಸನೆ. ಸತ್ತ ಸಸಿಯ ಬೇರು ಕಿತ್ತು ನೋಡಿದ, ಅಲ್ಲಿ ಒಂದು ಎಳೆಯೂ ಇಲ್ಲ.

ಆ ಎಳೆಗಳು ಅವನಿಗೆ ಹೊಸತಲ್ಲ. ಇಪ್ಪತ್ತಾರು ವರ್ಷದಿಂದ ಗುಂಡಿಯೊಳಗೆ ನಿಂತು ಅವುಗಳನ್ನು ಕಡಿಯುತ್ತಲೇ ಬಂದವನು ಅವನು. ಮೊಣಕಾಲಾಳದಲ್ಲಿ ಗುಂಡಿಯ ಗೋಡೆಯ ತುಂಬ ಅವೇ, ಒಂದು ಮರದ ಬೇರಿನಿಂದ ಇನ್ನೊಂದು ಮರದ ಬೇರಿಗೆ. ಸಾಯುವವರೆಗೆ ಜಗಳವಾಡಿದ ನೆರೆಹೊರೆಯವರ ಗುಂಡಿಗಳ ನಡುವೆಯೂ ಅವು ಹಾದುಹೋಗಿರುತ್ತಿದ್ದವು. ಏನೋ ಮಣ್ಣಿನ ಕಸ ಎಂದುಕೊಂಡಿದ್ದ. ಈಗ ಸಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಮಾಸುಕು ಯಾಕೆ ಸಾಯುತ್ತಿತ್ತೆಂದು ತಿಳಿಯಿತು. ಅದು ಒಂಟಿಯಾಗಿ ಬದುಕುವ ಗಿಡವಲ್ಲ. ಗುಡ್ಡದಿಂದ ತಾನು ತೆಗೆದದ್ದು ಮರಗಳನ್ನಷ್ಟೇ ಅಲ್ಲ, ಈ ಎಳೆಗಳನ್ನೂ. ಅವನಿಗೆ ಒಂದೇ ಸಲಕ್ಕೆ ಸಂತೋಷವೂ ಹೆದರಿಕೆಯೂ ಆಯಿತು.

ಲೊನೆಸಿಗೆ ಮಾತ್ರ ಹೇಳಿದ. ಅವಳು ಒನಕೆ ಕೆಳಗಿಟ್ಟಳು.

“ಹತ್ತು ಗಿಡ ಉಳಿದಿದೆಯಲ್ಲ, ಸಾಕು. ಬಾಯಿ ಮುಚ್ಕೊಂಡಿರು” ಎಂದಳು. “ನಂಗೆ ಮರಕ್ಕಿಂತ ಗಂಡ ಮುಖ್ಯ.”

ಬಾಯಿ ಮುಚ್ಚಿಕೊಂಡಿದ್ದ. ಆದರೆ ಹಸಿರು ಗಿಡವನ್ನು ಮುಚ್ಚಿಡುವುದು ಹೇಗೆ? ನಕ್ಕವರೇ ನೋಡಲು ಬಂದರು. ಊರ ಯಜಮಾನ ಜೈಲೋಸಿಯೂ ಬಂದ. ಅವನು ಎಲೂಬೆ ಅಜ್ಜಿಯ ಹಿರಿಯ ಮಗ, ಲೊನೆಸಿಯ ದೊಡ್ಡ ಸೋದರಮಾವ; ಯಜಮಾನಿಕೆ ತಾಯಿಯ ಕುಲದ್ದಾದ್ದರಿಂದ ಅಳಿಯನಾಗಿ ಹೋಗದೆ ತಾಯಿಯ ಊರಿನಲ್ಲೇ ಉಳಿದವನು. ಫಿಲಿಮೋನಿಯ ಚಾಪೆ ಒಳಗಿರಬೇಕೋ ಹೊರಗಿರಬೇಕೋ ಎಂದು ಹೇಳುವವನು. ಮೂವತ್ತು ವರ್ಷದಲ್ಲಿ ಒಂದು ಒಳ್ಳೆಯ ಮಾತಾಡದ ಮನುಷ್ಯ ಅವತ್ತು ಅಳಿಯನ ಬೆನ್ನು ತಟ್ಟಿದ. ಏನು ಹಾಕಿದೆ ಎಂದು ಕೇಳಿದ. ಫಿಲಿಮೋನಿ ದೇವರ ದಯೆ ಎಂದ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಜೈಲೋಸಿ ಹುರುಪಿನ ಮನುಷ್ಯ. ಹಣ್ಣಿನ ಕಾಲ ಬಂದಾಗ ಊರನ್ನೆಲ್ಲ ತನ್ನ ಅಂಗಳದ ಮರದಡಿಗೆ ಕರೆದ. ಎಪ್ಪತ್ತು ಮನೆ, ಮನೆಗೆ ಇಪ್ಪತ್ತು ಡಬ್ಬಿ, ಎಲ್ಲರೂ ಬೀಜ ಹಾಕಬೇಕು, ಅಳಿಯ ಮಾಡಿದ ಹಾಗೆಯೇ ಮಾಡಬೇಕು, ದೊಂಗ್ವೆಯನ್ನು ಮತ್ತೆ ಮಾಸುಕು ಗುಡ್ಡ ಮಾಡೋಣ ಎಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಅಳಿಯ ಎದ್ದು ವಿವರ ಹೇಳಲಿ ಎಂದ.

ಫಿಲಿಮೋನಿ ಎದ್ದು ನಿಂತ. ಎಪ್ಪತ್ತು ಹಿತ್ತಲುಗಳಲ್ಲಿ ಗೇಣುದ್ದದ ಹಳದಿ ಸಸಿಗಳು ಅವನ ಕಣ್ಣಿಗೆ ಕಂಡವು. ಅಷ್ಟೂ ಸತ್ತ ಮೇಲೆ ಈ ಊರಿನಲ್ಲಿ ಇನ್ನು ಯಾವ ಜನ್ಮದಲ್ಲೂ ಯಾರೂ ಮಾಸುಕು ಬೀಜ ಊರುವುದಿಲ್ಲ. ಲೊನೆಸಿ ಹೆಂಗಸರ ಸಾಲಿನಲ್ಲಿ ಕೂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವನು ಅವಳ ಕಡೆ ನೋಡುವುದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಉರುಳಿದ ಡ್ರಮ್ಮು, ತೊಳೆಯದ ಗುದ್ದಲಿ, ಸೂರಿನ ನೀರು, ಬಿಳಿ ಎಳೆ. ಬೇರೆ ಮಣ್ಣಿನಲ್ಲಿ ಈ ಗಿಡ ಬದುಕುವುದಿಲ್ಲ, ಆ ಮಣ್ಣು ಇರುವುದು ಮಸಣದಲ್ಲಿ ಮಾತ್ರ ಎಂದ.

ಜೈಲೋಸಿಯ ಮುಖ ಕಪ್ಪಿಟ್ಟಿತು.

“ನನ್ನ ತಮ್ಮನ ಗುಂಡಿ ಮಣ್ಣು” ಎಂದ. “ಅದನ್ನ ಬೀರ್ ಡಬ್ಬೀಲಿಟ್ಟು ಸಾಕ್ತಿದ್ದೀಯ. ಮೇಲೆ ದೇವರ ಹೆಸರು ಬೇರೆ ಹೇಳ್ದೆ ನನ್ನ ಹತ್ರ.”

ಹಿಂದಿನಿಂದ ಯಾರೋ ಮಾಟಗಾರ ಎಂದರು. ಸಭೆ ಅಲ್ಲಿಗೇ ಮುಗಿಯಿತು. ಊಟದ ಹೊತ್ತಿಗೆ ಜೈಲೋಸಿಯ ಕಡೆಯವರು ಬಂದು ಚಾಪೆಯನ್ನೂ ಗುದ್ದಲಿಯನ್ನೂ ತಂದು ಅಂಗಳಕ್ಕೆ ಹಾಕಿದರು. ಫಿಲಿಮೋನಿ ಚಾಪೆಯ ಮೇಲೆ ಕೂತ. ಎದ್ದು ಯಾವ ದಿಕ್ಕಿಗೆ ಹೋಗುವುದೆಂದು ಅವನಿಗೆ ತಿಳಿಯಲಿಲ್ಲ. ಲೊನೆಸಿ ಒಳಗಿನಿಂದ ಬಂದು ಅವನ ಪಕ್ಕ ಅದೇ ಚಾಪೆಯ ಮೇಲೆ ಕೂತಳು. ಬೈಯಲೂ ಇಲ್ಲ, ಅಳಲೂ ಇಲ್ಲ.

ಎಲೂಬೆ ಅಜ್ಜಿ ಕೋಲೂರಿಕೊಂಡು ಬಂದದ್ದು ಬಿಸಿಲು ಇಳಿಯುವಾಗ. ಚಾಪೆಯನ್ನು ದಾಟಿ ನೇರ ಹಿತ್ತಲಿಗೆ ಹೋದಳು. ಹತ್ತು ಗಿಡಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅದು ಅವಳ ಮಗನ ಗುಂಡಿಯ ಮಣ್ಣು. ಅವಳೇನಾದರೂ ಒಂದು ಶಾಪದ ಮಾತಾಡಿದ್ದರೆ ಫಿಲಿಮೋನಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕೇಳಿದ್ದೇ ಬೇರೆ. ಗುಂಡಿ ಮುಚ್ಚಿದ ಮೇಲೆ ಮಣ್ಣು ಮಿಗುತ್ತದಲ್ಲ, ಮಟೆಯುವಿನದು ಎಷ್ಟು ಮಿಕ್ಕಿತ್ತು ಎಂದು ಕೇಳಿದಳು. ಹದಿನೈದು ಬುಟ್ಟಿ ಇರಬಹುದು ಎಂದ ಅವನು. ಪೆಟ್ಟಿಗೆ ಹಿಡಿದ ಜಾಗದ ಮಣ್ಣು ವಾಪಸು ಒಳಗೆ ಹಿಡಿಸುವುದಿಲ್ಲ, ಮಗ್ಗುಲಿಗೆ ಸುರಿದು ಬಿಡುತ್ತೇವೆ, ಮಳೆಗೆ ಕೊಚ್ಚಿ ಹೋಗುತ್ತದೆ ಎಂದ.

ಅಜ್ಜಿ ಮಗನಿಗೆ ಹೇಳಿಕಳಿಸಿದಳು. ಎಂಬತ್ತು ದಾಟಿದ ತಾಯಿ ಕರೆದರೆ ಯಜಮಾನನಾದರೂ ಬರಲೇಬೇಕು. ಬಂದ. ಹಿಂದೆ ಅರ್ಧ ಊರು ಬಂತು.

“ಜೈಲೋಸಿ, ನಾನು ಒಳಗೆ ಹೋಗ್ತೀನಿ ಅಂತ ತಾನೆ ಆ ಮಣ್ಣು ಹೊರಗೆ ಬರೋದು?” ಎಂದಳು. “ನಂಗೆ ಜಾಗ ಬಿಟ್ಟುಕೊಟ್ಟ ಮಣ್ಣು ನಂದು. ಸತ್ತವರ ಮಣ್ಣು ಕದ್ದರೆ ಮಾಟ. ಸರಿ, ಒಪ್ಪಿದೆ. ನಾನೇ ಕೈಯಾರೆ ಕೊಟ್ಟರೆ ಅದಕ್ಕೇನಂತಾರೆ?”

“ಅಮ್ಮಾ, ನೀನಿನ್ನೂ ಸತ್ತಿಲ್ಲ.”

“ಅದಕ್ಕೇ ಕಣೋ ಈಗ ಹೇಳ್ತಿರೋದು. ಸತ್ತ ಮೇಲೆ ಹೇಳಿದ್ರೆ ನಿಂಗೆ ಕೇಳ್ಸುತ್ತಾ?”

ಯಾರೋ ನಕ್ಕರು. ಆಮೇಲೆ ನಾಲ್ಕಾರು ಜನ ನಕ್ಕರು. ಜೈಲೋಸಿ ನಗಲಿಲ್ಲ. ಅವನೇನೂ ಕೆಟ್ಟವನಲ್ಲ, ಅವನಿಗೂ ಊರಿನ ಭಯವಿತ್ತು, ತಮ್ಮ ಸತ್ತ ಸಂಕಟವಿತ್ತು. ಕೊನೆಗೆ ಚಾಪೆ ಒಳಗೆ ಹೋಗಲಿ ಎಂದ. ಗುದ್ದಲಿಯನ್ನು ಮಾತ್ರ ತಾನೇ ಎತ್ತಿಕೊಂಡು ಹೋದ. ಇನ್ನು ಮೇಲೆ ಫಿಲಿಮೋನಿ ಮಸಣಕ್ಕೆ ಕಾಲಿಡಕೂಡದು ಎಂದ.

ಅಲ್ಲಿಂದ ಒಂಬತ್ತು ತಿಂಗಳು ಅವನು ಗುಂಡಿ ತೋಡಲಿಲ್ಲ. ಊರಿನಲ್ಲಿ ನಾಲ್ಕು ಸಾವಾದವು, ಬೇರೆಯವರು ತೋಡಿದರು. ಅವನು ಹೆಂಗಸರ ಹಿಂದೆ ದೂರ ನಿಂತು ನೋಡಿ ಬಂದ. ಆ ದಿನಗಳಲ್ಲಿ ಅವನು ಹತ್ತು ಗಿಡಗಳನ್ನು ಗುಡ್ಡಕ್ಕೆ ಒಯ್ದು ನೆಟ್ಟ. ಇಳಿಜಾರಿನಲ್ಲಿ ನೆಟ್ಟ, ನೆತ್ತಿಯ ಕಪ್ಪು ಜಾಗದ ಹತ್ತಿರ ಹೋಗಲಿಲ್ಲ. ಹತ್ತೂ ಚಿಗುರಿದವು. ಅವುಗಳ ನೆರಳೆಂದರೆ ಒಂದು ಕೋಳಿ ಕೂರುವಷ್ಟು. ಆದರೂ ಅವನು ದಿನವೂ ಹೋಗಿ ಅಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ.

ನಮ್ಮ ಕಡೆ ಚಳಿಗಾಲವಾದ ಜುಲೈ ತಿಂಗಳಲ್ಲಿ, ಬೆಳಗಿನ ಗಂಜಿ ಕುಡಿಯುತ್ತ ಕುಡಿಯುತ್ತಲೇ ಎಲೂಬೆ ಅಜ್ಜಿ ಹೋಗಿಬಿಟ್ಟಳು. ಫಿಲಿಮೋನಿ ಅಂಗಳದಲ್ಲಿ ಕೂತಿದ್ದ. ಜೈಲೋಸಿ ಬಂದ, ಕೈಯಲ್ಲಿ ಗುದ್ದಲಿಯಿತ್ತು. ಅದನ್ನು ಅವನ ಮುಂದೆ ಹಿಡಿದ.

“ನಿನ್ನೆಯೂ ಹೇಳಿದ್ಲು, ನನ್ನ ಗಂಡನೇ ತೋಡಬೇಕು ಅಂತ.”

ಅವನು ತೋಡಿದ. ಗೋಡೆಗಳನ್ನು ನೇರಕ್ಕೆ ಕೆತ್ತಿದ. ಮೊಣಕಾಲಾಳದಲ್ಲಿ ಬಿಳಿ ಎಳೆಗಳು ಬಂದಾಗ ಒಂದು ಗಳಿಗೆ ಕೈ ನಿಂತಿತು, ಮತ್ತೆ ತೋಡಿದ. ಹಾಡು ಮುಗಿದು, ಪೆಟ್ಟಿಗೆ ಇಳಿದು, ಗುಂಡಿ ಮುಚ್ಚಿ ದಿಬ್ಬ ಮಾಡಿದ ಮೇಲೆ ಮಗ್ಗುಲಿನಲ್ಲಿ ಮಿಕ್ಕ ಮಣ್ಣನ್ನು ತುಂಬಿ ನೋಡಿದರೆ ಒಂಬತ್ತೇ ಬುಟ್ಟಿ. ಅಜ್ಜಿ ಅಷ್ಟು ಸಣ್ಣಗಾಗಿದ್ದಳು. ಅವನಿಗೆ ಆಗ ಅಳು ಬಂತು, ತಡೆದುಕೊಳ್ಳಲಿಲ್ಲ.

ಬುಟ್ಟಿಗಳು ಅಲ್ಲಿದ್ದವು, ಹೊರುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಲೊನೆಸಿ ಬಗ್ಗಿ ಒಂದನ್ನು ತಲೆಗೇರಿಸಿದಳು. ಎರಡನೆಯದನ್ನು ಎತ್ತಿದವನು ಜೈಲೋಸಿ. ತಲೆಯ ಮೇಲೆ ಹೊರೆ ಹೊತ್ತು ಅಭ್ಯಾಸವಿಲ್ಲದ ಗಂಡಸು, ಎರಡು ಕೈಯಲ್ಲೂ ಬುಟ್ಟಿ ಹಿಡಿದುಕೊಂಡಿದ್ದ. ಮಿಕ್ಕ ಏಳಕ್ಕೆ ಹೆಂಗಸರು ನಾ ಮುಂದು ತಾ ಮುಂದು ಎಂದು ಬಂದರು. ಮಸಣದ ಬಾಯಲ್ಲಿ ಡ್ರಮ್ಮು ತುಂಬಿ ನಿಂತಿತ್ತು. ಫಿಲಿಮೋನಿಯ ಕೈ ಅಭ್ಯಾಸಬಲದಿಂದ ಗುದ್ದಲಿಯನ್ನು ನೀರಿಗೆ ಇಳಿಸಹೊರಟಿತು. ಜೈಲೋಸಿ ಕಾಲು ತೊಳೆಯದೆ ಅವನ ಪಕ್ಕದಿಂದ ದಾಟಿ ಹೋದ. ಫಿಲಿಮೋನಿ ಗುದ್ದಲಿಯನ್ನು ಹಾಗೆಯೇ ಹೆಗಲಿಗೇರಿಸಿ ಹಿಂದೆ ನಡೆದ.

ಇದಾಗಿ ನಾಲ್ಕು ವರ್ಷ. ಗುಡ್ಡದ ಮೇಲೆ ಮುನ್ನೂರ ಎಂಬತ್ತಕ್ಕೂ ಹೆಚ್ಚು ಮಾಸುಕು ಗಿಡಗಳಿವೆ, ಮೊದಲಿನ ಹತ್ತು ಎದೆಯುದ್ದ ಆಗಿವೆ. ಹಣ್ಣಿಗೆ ಇನ್ನೂ ನಾಲ್ಕೈದು ವರ್ಷ ಬೇಕು. ಈಗ ಊರಿನ ಮುದುಕರು ಮುದುಕಿಯರು ತಮ್ಮ ಮಣ್ಣು ಯಾವ ಗಿಡಗಳಿಗೆ ಹೋಗಬೇಕೆಂದು ಮೊದಲೇ ಹೇಳಿಡುತ್ತಾರೆ, ನಂದು ಅವಳ ಪಕ್ಕ ಬೇಡ ಎಂದು ಜಗಳವನ್ನೂ ಆಡುತ್ತಾರೆ. ಅಣಬೆಯೂ ಏಳುತ್ತಿದೆ, ಇಬ್ಬರು ಮೂವರು ಧೈರ್ಯ ಮಾಡಿ ಸಾರು ಮಾಡಿದರು.

ಕಳೆದ ತಿಂಗಳು ಒಂದು ಗುಂಡಿ ಮುಚ್ಚಿ ಹೊರಡುವಾಗ ಜೈಲೋಸಿ ಫಿಲಿಮೋನಿಯನ್ನು ನಿಲ್ಲಿಸಿಕೊಂಡ. ಎಲೂಬೆ ಅಜ್ಜಿಯ ದಿಬ್ಬದ ಆಚೆ, ದೊಡ್ಡ ಮಾಸುಕು ಮರದಡಿ, ಕೋಲಿನಿಂದ ನೆಲದ ಮೇಲೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ ಎಳೆದ. ಹೊರಗಿನಿಂದ ಬಂದ ಅಳಿಯನಿಗೆ ಈ ಮಸಣದಲ್ಲಿ ಇವತ್ತಿನವರೆಗೆ ಯಾರೂ ಗೆರೆ ಎಳೆದದ್ದಿಲ್ಲ.

“ಸಲಿಮಾವರೆಗೆ ನಿನ್ನ ಯಾರು ಹೊತ್ಕೊಂಡು ಹೋಗ್ತಾರೆ” ಎಂದ. “ನಿನ್ನ ಜಾಗ ಇದು. ಮಣ್ಣು ಎಲ್ಲಿಗೆ ಹಾಕಬೇಕು, ಈಗಲೇ ಹೇಳಿಡು.”

ಫಿಲಿಮೋನಿ ಯೋಚನೆ ಮಾಡಬೇಕಾಗಿರಲಿಲ್ಲ.

“ಗುಡ್ಡದ ನೆತ್ತೀಲಿ ಕರ್ರಗೆ ಒಂದು ಜಾಗ ಇದೆಯಲ್ಲ, ಅಲ್ಲಿಗೆ” ಎಂದ.